ಮಳೆ ಲೆಕ್ಕದ ಪುಸ್ತಕ

ಕವಿಗಳು ತಮ್ಮ ಬದುಕಿನ ಬಗ್ಗೆ ಗದ್ಯದಲ್ಲಿ ಬರೆಯತೊಡಗಿದಾಗ ಕವಿತೆಯ ಮಾತು ಸಾಮಾನ್ಯವಾಗಿ ತಡವಾಗಿ ಬರುತ್ತದೆ. ಮೊದಲು ಅಜ್ಜನ ಮನೆ ಬರುತ್ತದೆ, ಕೊಟ್ಟಿಗೆ ಬರುತ್ತದೆ, ಶಾಲೆಗೆ ನಡೆದ ದಾರಿ ಬರುತ್ತದೆ, ಸಂಬಳದ ಚಿಂತೆ ಬರುತ್ತದೆ. ನೂರು ಪುಟ ದಾಟಿದ ಮೇಲೆ ಎಲ್ಲೋ ಒಂದು ಕಡೆ, ಹೇಳಲೋ ಬೇಡವೋ ಎಂಬಂತೆ, ‘ಆಗ ನಾನು ಪದ್ಯ ಬರೆಯುತ್ತಿದ್ದೆ’ ಎಂಬ ಮಾತು ಸಿಗುತ್ತದೆ. ಕೆಲವು ವರ್ಷಗಳಿಂದ ಇಂಥ ಪುಸ್ತಕಗಳನ್ನು ಹುಡುಕಿ ಓದುತ್ತಿದ್ದೇನೆ. ಕಾರಣ ದೊಡ್ಡದೇನಲ್ಲ. ನಾನೂ ಕಾಲೇಜಿನಲ್ಲಿ ಪಾಠ ಮಾಡಿ, ಶನಿವಾರ ಊರಿಗೆ ಹೋಗಿ ತೋಟದ ಕೆಲಸ ನೋಡಿ, ಉಳಿದ ಹೊತ್ತಿನಲ್ಲಿ ನಾಲ್ಕು ಸಾಲು ಬರೆಯುವ ಜಾತಿಯವರಲ್ಲಿ ಒಬ್ಬ. ಈ ಜನರಿಗೆ ಹೊತ್ತು ಎಲ್ಲಿಂದ ಸಿಕ್ಕಿತು, ಬರೆದದ್ದನ್ನು ಅವರು ಕೆಲಸ ಎಂದುಕೊಂಡರೋ ಅಥವಾ ಕೆಲಸ ತಪ್ಪಿಸುವ ಉಪಾಯ ಎಂದುಕೊಂಡರೋ ಎಂಬ ಕುತೂಹಲ ನನಗೆ.

ನಮ್ಮ ಕಡೆ ಈ ಪ್ರಶ್ನೆಗೆ ಉತ್ತರ ಹೇಳಿದವರು ಇದ್ದಾರೆ. ಪುತ್ತೂರಿನ ಪರ್ಲಡ್ಕದ ಬಾಲವನದಲ್ಲಿ ದಶಕಗಳ ಕಾಲ ಇದ್ದ ಶಿವರಾಮ ಕಾರಂತರು 1948ರಲ್ಲೇ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಬರೆದರು. ಆಗ ಅವರಿಗೆ ಇನ್ನೂ ಐವತ್ತು ತುಂಬಿರಲಿಲ್ಲ. ಮುಂದೆ ಇನ್ನೂ ಅರ್ಧ ಶತಮಾನ ಬದುಕಿ ಬರೆಯುವುದಿತ್ತು. ನಾಟಕ, ಯಕ್ಷಗಾನ, ಮಕ್ಕಳ ಶಿಕ್ಷಣ, ಅಚ್ಚುಕೂಟ ಎಂದು ಅವರು ಕೈಹಾಕದ ಕೆಲಸವಿಲ್ಲ. ಆದರೆ ಕಾರಂತರನ್ನು ಯಾರೂ ಕವಿ ಎಂದು ಕರೆಯುವುದಿಲ್ಲ, ಅವರೂ ಹಾಗೆ ಕರೆಸಿಕೊಳ್ಳಲು ಹೊರಟವರಲ್ಲ.

ಕವಿ ಎಂದೇ ಕರೆಸಿಕೊಂಡವರು ಗಡಿಯ ಆಚೆ, ಬದಿಯಡ್ಕದ ‘ಕವಿತಾ ಕುಟೀರ’ದಲ್ಲಿದ್ದ ಕಯ್ಯಾರ ಕಿಞ್ಞಣ್ಣ ರೈಗಳು. 1915ರಲ್ಲಿ ಹುಟ್ಟಿ, 2015ರಲ್ಲಿ ನೂರು ತುಂಬಿಸಿಕೊಂಡು ಹೋದವರು. ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಮೇಷ್ಟ್ರು, ಮನೆಯಲ್ಲಿ ಕೃಷಿಕ, ಊರಿಗೆ ಪಂಚಾಯತು ಅಧ್ಯಕ್ಷ, 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋದ ಮೇಲೆ ಅದನ್ನು ಮರಳಿ ತರಬೇಕೆಂದು ಕೊನೆಯವರೆಗೂ ಹಟ ಹಿಡಿದ ಹೋರಾಟಗಾರ. ಅವರ ಆತ್ಮಕಥೆಯ ಹೆಸರು ‘ದುಡಿತವೇ ನನ್ನ ದೇವರು’. ಆ ಹೆಸರಿನಲ್ಲಿ ಕವಿತೆ ಇಲ್ಲ, ಕನ್ನಡವೂ ಇಲ್ಲ, ಹೋರಾಟವೂ ಇಲ್ಲ. ಇರುವುದು ದುಡಿತ. ನೂರು ವರ್ಷದ ಬದುಕಿಗೆ ಒಂದೇ ಪದ ಆರಿಸಬೇಕಾದಾಗ ಒಬ್ಬ ಕವಿ ಆರಿಸಿದ ಪದ ಅದು. ಅಡಿಕೆ ತೋಟದ ನಡುವೆ ಬೆಳೆದ ನನಗೆ ಆ ಪದದ ಹಿಂದಿನ ಬೆವರು ಗೊತ್ತಾಗುತ್ತದೆ.

ಇದೇ ಪದದ ಸುತ್ತ ಅಮೆರಿಕದ ಕವಿಯೊಬ್ಬ ಒಂದು ಪುಸ್ತಕವನ್ನೇ ಬರೆದಿದ್ದಾನೆ ಎಂದು ಗೊತ್ತಾದದ್ದು ಅಕ್ಕನ ಮಗಳಿಂದ. ಓದಲೆಂದು ಅಲ್ಲಿಗೆ ಹೋದವಳು ರಜೆಯಲ್ಲಿ ಬರುವಾಗ ಹಳೆ ಪುಸ್ತಕದ ಅಂಗಡಿಯಿಂದ ತಂದುಕೊಟ್ಟಳು. ಡೊನಾಲ್ಡ್ ಹಾಲ್ ಬರೆದ ‘ಲೈಫ್ ವರ್ಕ್’, 1993ರ ಪ್ರಕಟಣೆ. ಹಾಲ್ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರಾಗಿದ್ದವನು. 1975ರಲ್ಲಿ ಆ ಊರು ಬಿಟ್ಟು, ಹೆಂಡತಿ ಜೇನ್ ಕೆನ್ಯನ್ ಜೊತೆ, ನ್ಯೂ ಹ್ಯಾಂಪ್‌ಶೈರಿನಲ್ಲಿದ್ದ ಅಜ್ಜನ ಹಳೆಯ ಮನೆಗೆ ಬಂದು ನೆಲೆಸಿದ. ಆಕೆಯೂ ಕವಿ. ಅಜ್ಜ ಹಾಲು ಕರೆದು, ಹುಲ್ಲು ಕೊಯ್ದು ಬದುಕಿದ ರೈತ. ಮೊಮ್ಮಗ ಅದೇ ಮನೆಯಲ್ಲಿ ಮೇಜಿನ ಮುಂದೆ ಕೂತು ಬರೆದು ಬದುಕಿದ. ಆ ಮನೆಯಲ್ಲಿ ಕೂತವನಿಗೆ ಅಜ್ಜನ ಎದುರು ಸಣ್ಣ ಸಂಕೋಚ ಇದ್ದೇ ಇರುತ್ತದೆ: ನಾನು ಮಾಡುತ್ತಿರುವುದು ಕೆಲಸವೇ?

ಹಾಲ್ ಅದಕ್ಕೆ ಉತ್ತರ ಹುಡುಕುವ ಕ್ರಮ ನನಗೆ ಹಿಡಿಸಿತು. ಯಾರೋ ಹೇಳಿದ್ದಕ್ಕೆ ಮಾಡುವ ನೌಕರಿ ಬೇರೆ, ಮನೆಯಲ್ಲಿ ದಿನವೂ ಮಾಡಲೇಬೇಕಾದ ಚಿಲ್ಲರೆ ಕೆಲಸ ಬೇರೆ, ಮೈಮರೆತು ಮಾಡುವ ಕೆಲಸ ಬೇರೆ ಎಂದು ಅವನು ವಿಂಗಡಿಸಿ ನೋಡುತ್ತಾನೆ. ಅಜ್ಜ ಅಜ್ಜಿ ಏನೇನು ಮಾಡುತ್ತಿದ್ದರು ಎಂದು ನೆನೆಯುತ್ತಾನೆ. ತಾನು ದಿನದ ಯಾವ ಹೊತ್ತಿಗೆ ಏನು ಮಾಡುತ್ತೇನೆ ಎಂದು ಲೆಕ್ಕ ಒಪ್ಪಿಸುತ್ತಾನೆ. ಪುಸ್ತಕ ಅರ್ಧಕ್ಕೆ ಬಂದಾಗ ಹಿಂದೆ ಬಂದಿದ್ದ ಕ್ಯಾನ್ಸರ್ ಈಗ ಯಕೃತ್ತಿಗೆ ಹರಡಿದೆ ಎಂದು ತಿಳಿಯುತ್ತದೆ. ಆಮೇಲಿನ ಪುಟಗಳಲ್ಲಿ ಸ್ವರವೇ ಬದಲಾಗಿದೆ. ಕೆಲಸದ ಬಗ್ಗೆ ಬರೆಯುತ್ತಿದ್ದವನು ಈಗ ಕೆಲಸಕ್ಕೆ ಉಳಿದ ದಿನಗಳ ಬಗ್ಗೆ ಬರೆಯುತ್ತಾನೆ. ಆದರೆ ವಿಧಿ ಬೇರೆಯೇ ಬಗೆದಿತ್ತು. ಅವನು ಉಳಿದ, ಅವನಿಗಿಂತ ಹತ್ತೊಂಬತ್ತು ವರ್ಷ ಚಿಕ್ಕವಳಾದ ಜೇನ್ ಲ್ಯುಕೇಮಿಯಾದಿಂದ 1995ರಲ್ಲಿ ತೀರಿಕೊಂಡಳು. ಹಾಲ್ 2018ರವರೆಗೆ, ಎಂಬತ್ತೊಂಬತ್ತರ ತನಕ, ಅದೇ ಮನೆಯಲ್ಲಿ ಬರೆಯುತ್ತಲೇ ಇದ್ದ. ಎಂಬತ್ತು ದಾಟಿದ ಮೇಲೆ ಕವಿತೆ ತನ್ನನ್ನು ಬಿಟ್ಟುಹೋಯಿತು ಎಂದು ಗದ್ಯ ಬರೆದ.

ಹಾಲ್ ಮಕ್ಕಳಿಗಾಗಿ ಬರೆದ ‘ಆಕ್ಸ್-ಕಾರ್ಟ್ ಮ್ಯಾನ್’ ಎಂಬ ಪುಟ್ಟ ಪುಸ್ತಕದ ಕತೆಯನ್ನು ಒಮ್ಮೆ ಅಪ್ಪನಿಗೆ ಹೇಳಿದೆ. ರೈತನೊಬ್ಬ ವರ್ಷವಿಡೀ ಮನೆಯವರೆಲ್ಲ ಸೇರಿ ಬೆಳೆದದ್ದನ್ನು, ನೇಯ್ದದ್ದನ್ನು ಗಾಡಿಗೆ ಹೇರಿಕೊಂಡು ಪೇಟೆಗೆ ಹೋಗುತ್ತಾನೆ. ಎಲ್ಲವನ್ನೂ ಮಾರುತ್ತಾನೆ. ಆಮೇಲೆ ಗಾಡಿಯನ್ನೂ ಮಾರುತ್ತಾನೆ, ಎತ್ತನ್ನೂ ಮಾರುತ್ತಾನೆ. ಬೇಕಾದ ಒಂದೆರಡು ಸಾಮಾನು ಕೊಂಡು ನಡೆದುಕೊಂಡೇ ಮನೆಗೆ ಬಂದು ಮತ್ತೆ ಮೊದಲಿನಿಂದ ಶುರುಮಾಡುತ್ತಾನೆ.

“ಎತ್ತನ್ನೂ ಮಾರಿದನಾ?” ಎಂದು ಅಪ್ಪ ಕೇಳಿದರು.

“ಹೌದು. ಮನೆಯಲ್ಲಿ ಕರು ಉಂಟು, ಅದು ಬೆಳೆಯುತ್ತದೆ.”

“ಹಾಗಾದರೆ ಅಡ್ಡಿಯಿಲ್ಲ,” ಎಂದರು. ನಾನು ಕೇಳಿದ ಸಾಹಿತ್ಯ ವಿಮರ್ಶೆಗಳಲ್ಲಿ ಇದು ತುಂಬ ಚುರುಕಾದದ್ದು.

ನಾವು ಮನೆಯಲ್ಲಿ ಆಡುವುದು ಅರೆಭಾಷೆ. ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ನಾನು ಪಾಠ ಮಾಡುವುದು ಇಂಗ್ಲಿಷು. ಅಪ್ಪನ ಮಾತನ್ನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ, ಹಾಗಾಗಿ ಅದರ ಅರ್ಧ ರುಚಿ ಹೋಗಿದೆ. ನಮ್ಮ ಕಡೆ ಪದ್ಯ ಬರೆಯುವವರಿಗೆಲ್ಲ ಈ ತೊಡಕು ಇದ್ದೇ ಇದೆ. ಅಮ್ಮ ಬೈದ ಭಾಷೆ ಒಂದು, ಪದ್ಯ ಬರೆಯುವ ಭಾಷೆ ಇನ್ನೊಂದು. ಕಯ್ಯಾರರು ಮನೆಮಾತಾದ ತುಳುವಿನಲ್ಲೂ ಬರೆದರು, ಕನ್ನಡದಲ್ಲೂ ಬರೆದರು. ನನಗೆ ಆ ಧೈರ್ಯ ಇನ್ನೂ ಬಂದಿಲ್ಲ.

ಊರಲ್ಲೇ ಉಳಿಯುವುದೋ ಹೊರಗೆ ಹೋಗುವುದೋ ಎಂಬ ಪ್ರಶ್ನೆ ಬಂದಾಗ ನನಗೆ ಇಬ್ಬರು ಕವಿಗಳು ಒಟ್ಟಿಗೆ ನೆನಪಾಗುತ್ತಾರೆ. ಇಬ್ಬರೂ ಹುಟ್ಟಿದ್ದು 1940ರಲ್ಲಿ. ಒಬ್ಬರು ಸುಳ್ಯ ತಾಲೂಕಿನ ಚೊಕ್ಕಾಡಿಯ ಸುಬ್ರಾಯ ಚೊಕ್ಕಾಡಿ. ಇನ್ನೊಬ್ಬರು ಗುಡ್ಡದ ಆಚೆ, ಕಾಸರಗೋಡಿನ ಕಾರಡ್ಕದ ಕೆ. ವಿ. ತಿರುಮಲೇಶ್. ಚೊಕ್ಕಾಡಿಯವರು ಹಳ್ಳಿ ಶಾಲೆಯ ಮೇಷ್ಟ್ರಾಗಿ, ಊರಲ್ಲೇ ನೆಲೆ ನಿಂತು, ನವ್ಯದ ಕಾಲದಲ್ಲಿ ಬರೆಯಲು ತೊಡಗಿ, ಮುಂದೆ ಹಾಡಿನ ದಾರಿ ಹಿಡಿದರು. ‘ಮುನಿಸು ತರವೇ’ ಎಂಬ ಭಾವಗೀತೆಯನ್ನು ಕೇಳದ ಕನ್ನಡಿಗ ಕಡಿಮೆ. ಅದನ್ನು ಬರೆದವರು ಸುಳ್ಯದವರು ಎಂದು ತಿಳಿದಾಗ ಕಡಬದ ನನ್ನ ವಿದ್ಯಾರ್ಥಿಗಳು ಈಗಲೂ ಕಣ್ಣರಳಿಸುತ್ತಾರೆ. ಬಸ್ಸಿನಲ್ಲಿ ಒಂದು ಗಂಟೆಯ ದಾರಿಯಲ್ಲಿ ಕವಿ ಇರಬಹುದು ಎಂದು ಅವರಿಗೆ ಅನಿಸಿರುವುದೇ ಇಲ್ಲ.

ತಿರುಮಲೇಶರು ಹೊರಟರು. ಹೈದರಾಬಾದಿನಲ್ಲಿ ಭಾಷಾವಿಜ್ಞಾನ ಕಲಿಸಿದರು, ಅಲ್ಲೇ ಉಳಿದರು, 2023ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಅವರಿಗೆ 2015ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ‘ಅಕ್ಷಯ ಕಾವ್ಯ’ದಲ್ಲಿ ಕತೆ ಇಲ್ಲ, ನಾಯಕನಿಲ್ಲ, ಕೊನೆ ಎಂಬುದೂ ಇಲ್ಲ. ಅಮೆರಿಕದ ಎಜ್ರಾ ಪೌಂಡ್, ವಿಲಿಯಂ ಕಾರ್ಲೋಸ್ ವಿಲಿಯಮ್ಸ್, ಚಾರ್ಲ್ಸ್ ಓಲ್ಸನ್ ಬರೆದಂಥ, ಬದುಕು ಇರುವಷ್ಟು ದಿನ ಬರೆಯುತ್ತ ಹೋಗಬಹುದಾದ ಕಾವ್ಯ. ಪೇಟೆ, ಪುಸ್ತಕ, ನೆನಪು, ಮಾತು ಎಲ್ಲ ಅದರೊಳಗೆ ಬಂದು ಬಂದು ಹೋಗುತ್ತವೆ. ಒಂದು ಬಗೆಯಲ್ಲಿ ಅದು ಕವಿ ತನ್ನ ಬಗ್ಗೆ ಬರೆದ ಗದ್ಯವನ್ನೇ ಪದ್ಯದೊಳಗೆ ಸೇರಿಸಿಕೊಂಡ ಹಾಗೆ. ಉಳಿದವರು ಮೂರು ನಿಮಿಷದ ಹಾಡು ಬರೆದರು, ಹೋದವರು ಮುಗಿಯದ ಕಾವ್ಯ ಬರೆದರು ಎಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಇಬ್ಬರನ್ನೂ ಓದಿದ ಮೇಲೆ ನನಗೆ ಉಳಿಯುವುದು ಬೇರೆ ಸಂಗತಿ. ಇಬ್ಬರೂ ಜೀವನವಿಡೀ ಮೇಷ್ಟ್ರಾಗಿದ್ದರು. ಇಬ್ಬರಿಗೂ ಬೆಳಗ್ಗೆ ಹಾಜರಿ ಪುಸ್ತಕ ಕಾದಿರುತ್ತಿತ್ತು.

ಅಮೆರಿಕದಲ್ಲೂ ಹಾಗೆಯೇ. ವಿಲಿಯಮ್ಸ್ ಮಕ್ಕಳ ಡಾಕ್ಟರು. ವ್ಯಾಲೆಸ್ ಸ್ಟೀವನ್ಸ್ ವಿಮಾ ಕಂಪೆನಿಯ ವಕೀಲ. ಟೆಡ್ ಕೂಸರ್ ಕೂಡ ನೆಬ್ರಾಸ್ಕಾದ ಒಂದು ಜೀವವಿಮಾ ಕಂಪೆನಿಯಲ್ಲಿ ದಶಕಗಳ ಕಾಲ ದುಡಿದವನು. ಬೆಳಗಿನ ಜಾವ ಎದ್ದು ಬರೆದು, ಆಮೇಲೆ ಟೈ ಕಟ್ಟಿಕೊಂಡು ಆಫೀಸಿಗೆ ಹೋಗುತ್ತಿದ್ದ. 2004ರಲ್ಲಿ ಅವನು ಆ ದೇಶದ ರಾಷ್ಟ್ರಕವಿಯಾದ, ಮರುವರ್ಷ ಪುಲಿಟ್ಜರ್ ಬಂತು. ಆದರೆ ನನಗೆ ಆಪ್ತವಾದದ್ದು ಅದಕ್ಕೂ ಮೊದಲಿನ ಒಂದು ಸಣ್ಣ ಪುಸ್ತಕ, ‘ವಿಂಟರ್ ಮಾರ್ನಿಂಗ್ ವಾಕ್ಸ್’.

1998ರಲ್ಲಿ ಕೂಸರನಿಗೆ ಕ್ಯಾನ್ಸರ್ ಆಯಿತು. ಚಿಕಿತ್ಸೆ ಮುಗಿದ ಮೇಲೆ ಬಿಸಿಲಿಗೆ ಮೈ ಒಡ್ಡಬಾರದು ಎಂದು ಡಾಕ್ಟರು ಹೇಳಿದ್ದರಿಂದ ಸೂರ್ಯ ಹುಟ್ಟುವ ಮೊದಲೇ ನಡೆಯಲು ಹೋಗುತ್ತಿದ್ದ. ಬರೆಯುವುದನ್ನು ಬಿಟ್ಟೇಬಿಟ್ಟಿದ್ದವನು ಒಂದು ದಿನ ನಡೆದು ಬಂದು ಒಂದು ಪುಟ್ಟ ಪದ್ಯ ಬರೆದ. ಅದನ್ನು ಪೋಸ್ಟ್ ಕಾರ್ಡಿಗೆ ಅಂಟಿಸಿ ಗೆಳೆಯ ಜಿಮ್ ಹ್ಯಾರಿಸನ್‌ಗೆ ಕಳಿಸಿದ. ಚಳಿಗಾಲ ಮುಗಿಯುವಷ್ಟರಲ್ಲಿ ಅಂಥ ನೂರು ಕಾರ್ಡುಗಳಾದವು. ಪ್ರತಿ ಪದ್ಯದ ಮೇಲೂ ಒಂದು ತಾರೀಕು, ಆ ದಿನದ ಹವೆಯ ಬಗ್ಗೆ ಒಂದೆರಡು ಪದ. ಅಷ್ಟೇ.

ಸುಳ್ಯದ ಕಡೆ ಸೂರ್ಯ ಹುಟ್ಟುವ ಮೊದಲು ನಡೆಯುವವರು ಎಂದರೆ ರಬ್ಬರ್ ಟ್ಯಾಪಿಂಗಿನವರು. ತಲೆಗೆ ದೀಪ ಕಟ್ಟಿಕೊಂಡು ಒಂದು ಮರದಿಂದ ಇನ್ನೊಂದಕ್ಕೆ ಹೋಗುವ ಆ ಬೆಳಕುಗಳನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅವರಲ್ಲಿ ಅನೇಕರು 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದು ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಸಿದ ತಮಿಳು ಕುಟುಂಬದವರು. ಕೂಸರನ ಪುಸ್ತಕ ಓದುವಾಗ ನೆಬ್ರಾಸ್ಕಾದ ಹಿಮ ನನಗೆ ಕಾಣಲಿಲ್ಲ. ಕತ್ತಲಲ್ಲಿ ಅಲುಗಾಡುವ ಆ ದೀಪಗಳೇ ಕಂಡವು.

ಇನ್ನೊಂದು ವಸ್ತುವೂ ಕಣ್ಣೆದುರು ಬಂತು. ಅಪ್ಪನ ಮಳೆ ಲೆಕ್ಕದ ಪುಸ್ತಕ.

ನಮ್ಮ ಸೀಮೆಯಲ್ಲಿ ದಿನವೂ ಮಳೆ ಅಳೆದು ಬರೆದಿಡುವ ಕೃಷಿಕರು ಹಲವರಿದ್ದಾರೆ. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಸುರಿಯುವ ಊರಿನಲ್ಲಿ ಮಳೆ ಎಂದರೆ ಮಾತಿನ ವಿಷಯ, ಭಯದ ವಿಷಯ, ಲೆಕ್ಕದ ವಿಷಯ. ಅಪ್ಪ ಅಂಗಳದ ಮೂಲೆಯಲ್ಲಿ ಮಳೆ ಮಾಪಕ ಇಟ್ಟು, ಬೆಳಗ್ಗೆ ಎಂಟೂವರೆಗೆ ನೋಡಿ, ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಾರೆ. ಒಂದು ಕಾಲಂ ತಾರೀಕು, ಒಂದು ಕಾಲಂ ಮಿ.ಮೀ., ಮೂರನೆಯದು ‘ಷರಾ’. ಷರಾದಲ್ಲಿ ಎರಡು ಮೂರು ಪದ. ‘ಮದ್ದು ಬಿಟ್ಟದ್ದು.’ ‘ಹೊಳೆ ತೋಟಕ್ಕೆ.’ ‘ಗುಡುಗು, ಕರೆಂಟು ಇಲ್ಲ.’ ‘ಕೊಳೆ ಶುರು.’ ಮೂವತ್ತಮೂರು ವರ್ಷಗಳ ಷರಾ. ಅಕ್ಕನ ಮದುವೆಯ ದಿನದ ಎದುರು ‘6 ಮಿ.ಮೀ. ಚಪ್ಪರಕ್ಕೆ ತೊಂದರೆಯಿಲ್ಲ’ ಎಂದಿದೆ. ಅಜ್ಜಿ ಹೋದ ದಿನ ‘ಮಳೆ ಇಲ್ಲ’ ಎಂದಷ್ಟೇ ಇದೆ. ಕಾಲಂ ತುಂಬಬೇಕಲ್ಲ ಎಂದು ತುಂಬಿದ್ದು. ಓದುವವನಿಗೆ ಮಾತ್ರ ಆ ಎರಡು ಪದ ದಾಟಿ ಮುಂದೆ ಹೋಗಲು ಹೊತ್ತು ಬೇಕಾಗುತ್ತದೆ.

ಮೂರು ವರ್ಷದ ಹಿಂದೆ ಜುಲೈ ತಿಂಗಳಲ್ಲಿ ಅಪ್ಪನಿಗೆ ಎದೆನೋವು ಬಂದು ಮಂಗಳೂರಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇರಬೇಕಾಯಿತು. ಪ್ರಜ್ಞೆ ಸರಿಯಾದೊಡನೆ ಕೇಳಿದ್ದು “ಮಳೆ ಬರೆಯುವವರು ಯಾರು?” ಎಂದು. ಬರೆದವರು ಅಮ್ಮ. ಆ ಹನ್ನೊಂದು ದಿನಗಳ ಅಕ್ಷರ ಬೇರೆ. ಅಮ್ಮನಿಗೆ ಮಾಪಕದ ಗೆರೆ ಓದಲು ಕನ್ನಡಕ ಸಾಲದು. ಆದ್ದರಿಂದ ಮಿ.ಮೀ. ಕಾಲಂ ಖಾಲಿ. ಷರಾದಲ್ಲಿ ಮಾತ್ರ ಬರೆದಿದ್ದಾರೆ. ‘ಇಡೀ ರಾತ್ರಿ. ದನ ಮಲಗಲಿಲ್ಲ.’ ‘ಹೆಚ್ಚಿಲ್ಲ. ಬಟ್ಟೆ ಒಣಗಲಿಲ್ಲ.’ ‘ಅಲ್ಲಿ ಮಳೆ ಉಂಟಾ ಗೊತ್ತಿಲ್ಲ.’ ‘ಫೋನು ಬಂತು. ಮಳೆ ನೋಡಲಿಲ್ಲ.’

ಅಮ್ಮ ಏಳನೆಯ ತರಗತಿಯವರೆಗೆ ಓದಿದವರು. ಪದ್ಯ ಬರೆದವರಲ್ಲ. ಇದನ್ನು ಪದ್ಯ ಎಂದು ಕರೆದರೆ ನಗುತ್ತಾರೆ. ನಾನೂ ಕರೆಯುವುದಿಲ್ಲ. ಆದರೆ ಡೊನಾಲ್ಡ್ ಹಾಲನ ಪುಸ್ತಕ ಓದುವಾಗಲೆಲ್ಲ ಜೇನ್ ಕೆನ್ಯನ್ ಅದೇ ಮನೆಯ ಮಹಡಿಯಲ್ಲಿ ಬೇರೊಂದು ಮೇಜಿನ ಮುಂದೆ ಏನು ಬರೆಯುತ್ತಿದ್ದಳು ಎಂದು ಯೋಚಿಸುವುದನ್ನು ಈ ಹನ್ನೊಂದು ಸಾಲುಗಳು ನನಗೆ ಕಲಿಸಿದವು. ದುಡಿತದ ಬಗ್ಗೆ ಗಂಡಸರು ಪುಸ್ತಕ ಬರೆಯುವಾಗ ಆ ಮನೆಯ ದನ ರಾತ್ರಿ ಮಲಗಿತೋ ಇಲ್ಲವೋ ನೋಡಿದವರು ಯಾರು ಎಂದು ಕೇಳಬೇಕು.

ಈ ಬರಹ ಬರೆಯಲು ಕೂತದ್ದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ತೋಟಕ್ಕೆ ಹಳದಿ ರೋಗ ಬಂದಿದೆ. ಸಂಪಾಜೆ, ಅರಂತೋಡು, ಮರ್ಕಂಜದ ಕಡೆ ಇದು ಹಲವು ದಶಕಗಳ ಹಳೆಯ ಕತೆ. ಗರಿಯ ತುದಿಯಿಂದ ಹಳದಿ ಇಳಿಯುತ್ತದೆ, ಅಡಿಕೆಯ ಒಳಗಿನ ತಿರುಳು ಕಪ್ಪಾಗಿ ಮೆತ್ತಗಾಗುತ್ತದೆ, ಶಿರ ಸಣ್ಣದಾಗುತ್ತ ಬರುತ್ತದೆ. ಕೊಳೆರೋಗಕ್ಕಾದರೆ ಮೈಲುತುತ್ತು, ಸುಣ್ಣ ಕಲಸಿ ಮದ್ದು ಬಿಡಬಹುದು. ಇದಕ್ಕೆ ಮದ್ದಿಲ್ಲ. ಕೀಟವೊಂದು ಹರಡುವ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಾಣು ಇದಕ್ಕೆ ಕಾರಣ ಎಂದು ವಿಜ್ಞಾನಿಗಳು ಹೇಳುತ್ತಾರೆ. ತಡೆದುಕೊಳ್ಳುವ ತಳಿಗಾಗಿ ಸಂಶೋಧನೆ ನಡೆಯುತ್ತಿದೆ. ಅದು ಬರುವವರೆಗೆ ಮರ ಕಾಯುವುದಿಲ್ಲ.

ಹಾಗಾಗಿ ಈಗ ಮನೆಯಲ್ಲಿ ದಿನವೂ ಏಳುವ ಪ್ರಶ್ನೆ: ಕೆಳಗಿನ ತುಂಡು ತೋಟವನ್ನು ಕಡಿದು ಬೇರೆ ಏನಾದರೂ ಹಾಕುವುದೋ, ಇರುವಷ್ಟು ದಿನ ಇರಲಿ ಎಂದು ಬಿಡುವುದೋ, ಕೊಡುವುದೋ? ಮಗ ಬಂದು ನಿಲ್ಲುತ್ತಾನೋ ಇಲ್ಲವೋ ಎಂದು ಅಪ್ಪ ಬಾಯಿಬಿಟ್ಟು ಕೇಳುವುದಿಲ್ಲ. ಕೆಂಟಕಿಯ ಕವಿ ವೆಂಡೆಲ್ ಬೆರಿ ನ್ಯೂಯಾರ್ಕಿನ ಪಾಠದ ಕೆಲಸ ಬಿಟ್ಟು ಹುಟ್ಟಿದ ಊರಿಗೆ ಹಿಂದಿರುಗಿ, 1965ರಲ್ಲಿ ತೋಟ ಕೊಂಡು ಅಲ್ಲೇ ಉಳಿದು ಬರೆದ ಎಂದು ಓದುವುದು ಸುಲಭ. ಅವನ ಮಣ್ಣಿಗೆ ಬೇರೆ ರೋಗ, ನಮ್ಮ ಮಣ್ಣಿಗೆ ಬೇರೆ ರೋಗ. ಯಾವ ಕವಿಯ ಆತ್ಮಕಥೆಯಲ್ಲೂ ನಮ್ಮ ಕೆಳಗಿನ ತುಂಡನ್ನು ಏನು ಮಾಡಬೇಕೆಂದು ಬರೆದಿಲ್ಲ. ಹುಡುಕಿದ್ದು ಸಹ ಅದಕ್ಕಲ್ಲ. ರೋಗದ ನಡುವೆ ಕೂತು ಹಾಲ್ ಹೇಗೆ ಮರುದಿನದ ಕೆಲಸಕ್ಕೆ ಎದ್ದ, ಬರೆಯುವುದನ್ನೇ ಬಿಟ್ಟಿದ್ದ ಕೂಸರ್ ಹೇಗೆ ಒಂದು ಕಾರ್ಡಿನಷ್ಟು ಜಾಗದಿಂದ ಮತ್ತೆ ತೊಡಗಿದ ಎಂದು ತಿಳಿಯುವುದಕ್ಕೆ. ಅದು ನನಗೆ ಸಿಕ್ಕಿದೆ.

ಕಡಬದಲ್ಲಿ ಎರಡನೇ ಪಿಯುಸಿಯ ಮಕ್ಕಳಿಗೆ ಈ ವರ್ಷ ಒಂದು ಕೆಲಸ ಕೊಟ್ಟೆ. ಜೂನ್ ಒಂದರಿಂದ ಮೂವತ್ತರವರೆಗೆ ದಿನಕ್ಕೊಂದು ಸಾಲು, ಯಾವ ಭಾಷೆಯಲ್ಲಾದರೂ ಸರಿ. ತಾರೀಕು, ಹವೆ, ಒಂದು ಕಂಡ ಸಂಗತಿ. ಉಪಮೆ ಬೇಡ. ಅರ್ಧದಷ್ಟು ಜನ ಒಂದೇ ರಾತ್ರಿ ಕೂತು ಮೂವತ್ತು ಸಾಲು ತುಂಬಿಸಿ ತಂದರು ಎಂದು ನೋಡಿದರೇ ತಿಳಿಯುತ್ತಿತ್ತು. ಉಳಿದವರದ್ದು ಬೇರೆ ಇತ್ತು. ಕುಮಾರಧಾರೆಯ ಬದಿಯ ಮನೆಯ ಹುಡುಗಿಯೊಬ್ಬಳು ಹೊಳೆಯ ನೀರು ಎಷ್ಟನೆಯ ಮೆಟ್ಟಿಲಿಗೆ ಬಂತು ಎಂದಷ್ಟೇ ಮೂವತ್ತು ದಿನವೂ ತುಳುವಿನಲ್ಲಿ ಬರೆದಿದ್ದಳು. ಅದನ್ನು ತರಗತಿಯಲ್ಲಿ ಓದಿ ಹೇಳಿದೆ. ಇಪ್ಪತ್ತೆರಡನೆಯ ತಾರೀಕಿಗೆ ಬರುವಾಗ ಕೋಣೆಯಲ್ಲಿ ಸದ್ದಿರಲಿಲ್ಲ. ನೀರು ಕೊನೆಯ ಮೆಟ್ಟಿಲಿಗೆ ಬಂದಿತ್ತು.

ಕೂಸರನ ಕೆಲವು ಕಾರ್ಡುಗಳ ಸಾರವನ್ನು ಅಪ್ಪನಿಗೂ ಹೇಳಿದ್ದೆ. ಸುಮ್ಮನೆ ಕೇಳಿಸಿಕೊಂಡರು. ಆಮೇಲೆ, “ಒಳ್ಳೆಯದುಂಟು. ಆದರೆ ಎಷ್ಟು ಬಿತ್ತು ಎಂದು ಬರೆಯಲಿಲ್ಲವಲ್ಲ ಅವ,” ಎಂದರು.

ಕಳೆದ ಜನವರಿಯಲ್ಲಿ ಕೆಳಗಿನ ತುಂಡಿನ ಪೂರ್ತಿ ಸೊರಗಿದ ಮರಗಳನ್ನು ಕಡಿಸಿದೆವು. ಮಿಕ್ಕದ್ದು ಸದ್ಯಕ್ಕೆ ಇರಲಿ ಎಂದು ತೀರ್ಮಾನವಾಯಿತು. ಕೊಡುವ ಮಾತು ಬರಲಿಲ್ಲ. ಜಾಗ ಇದ್ದಕ್ಕಿದ್ದಂತೆ ತೆರವಾಗಿ, ಅಂಗಳದಿಂದ ನೋಡಿದರೆ ಆಚೆ ಗುಡ್ಡದವರೆಗೆ ಆಕಾಶ ಕಾಣತೊಡಗಿತು. ಅಮ್ಮ ಅತ್ತ ನೋಡಲು ಹೋಗಲಿಲ್ಲ. ಸಂಜೆ ಅಪ್ಪ ಪುಸ್ತಕ ತೆಗೆದು ಬರೆದರು. ಮಳೆಗಾಲವಲ್ಲದ ದಿನಗಳಲ್ಲಿ ಅವರು ಬರೆಯುವುದು ಕಡಿಮೆ. ಮರುದಿನ ಕಡಬದ ಬಸ್ಸಿಗೆ ಹೊರಡುವ ಮೊದಲು ತೆರೆದು ನೋಡಿದೆ.

‘ಮಳೆ ಇಲ್ಲ. 64 ಮರ.’

ಅದರ ಕೆಳಗಿನ ಗೆರೆ ಖಾಲಿ ಇತ್ತು. ಪೆನ್ನು ಅಲ್ಲೇ ಇತ್ತು. ಆ ದಿನದ ತಾರೀಕು ಹಾಕಿ, ಬೆಳಗ್ಗೆ ಮಂಜು ಬಿದ್ದಿದೆ ಎಂದು ನಾನು ಬರೆದೆ.